ಗೆಜ್ಜೆಸರ ಬಿಚ್ಚಿಸಿ ನೋಡಿದ ಗಾಡಿ

ಸಿರ್ಗಾಪುರದ ಮೋನಮ್ಮ ಟಗರು ಕೊಳ್ಳುವಾಗ ಅದರ ಮುಖ ನೋಡುವುದಿಲ್ಲ. ಸಂತೆಗೆ ತಂದವರು ಕೊಂಬಿಗೆ ಬಣ್ಣ ಬಳಿದಿರುತ್ತಾರೆ, ಕೊರಳಿಗೆ ಗೆಜ್ಜೆಸರ ಕಟ್ಟಿರುತ್ತಾರೆ, ಹೊಟ್ಟೆ ದುಂಡಗೆ ಕಾಣಲೆಂದು ಬೆಳಿಗ್ಗೆಯೇ ನೀರು ಕುಡಿಸಿರುತ್ತಾರೆ. ಮೋನಮ್ಮ ಮೊದಲು ಗೆಜ್ಜೆಸರ ಬಿಚ್ಚಿಸುತ್ತಾಳೆ. ಆಮೇಲೆ ಸೊಂಟದ ಮೇಲೆ ಅಂಗೈ ಇಟ್ಟು ಒತ್ತುತ್ತಾಳೆ, ಇಳಿಜಾರಿನಲ್ಲಿ ನಡೆಸಿ ಹಿಂದಿನಿಂದ ಕಾಲು ನೋಡುತ್ತಾಳೆ. ಮಾರುವವನು ಎಷ್ಟೇ ಹೊಗಳಿದರೂ ಅವಳ ಕಿವಿ ಅತ್ತ ಇರುವುದಿಲ್ಲ. ಮೂವತ್ತು ವರ್ಷದಲ್ಲಿ ಎರಡೇ ಸಲ ಮೋಸ ಹೋಗಿದ್ದಾಳಂತೆ. ಆ ಎರಡು ಸಲವೂ ಆರಿಸಿದ್ದು ಗಂಡ ಕಲ್ಯಾಣಪ್ಪ ಎಂದು ಅವನ ಎದುರಿಗೇ ಹೇಳುತ್ತಾಳೆ.

ಅವಳು ಸ್ಟೇರಿಂಗ್ ಹಿಡಿದದ್ದು ಸಿಟ್ಟಿನಲ್ಲಿ. ಒಮ್ಮೆ ಜಹೀರಾಬಾದಿನ ಸಂತೆಯಲ್ಲಿ ಬಾಡಿಗೆ ಪಿಕಪ್‌ನವನು ಬರುತ್ತೇನೆಂದು ಹೇಳಿ ಬರಲೇ ಇಲ್ಲ. ಮರಿಗಳನ್ನು ಹಿಡಿದುಕೊಂಡು ಸಂಜೆಯವರೆಗೆ ಬಿಸಿಲಲ್ಲಿ ನಿಂತವಳು ಮರುತಿಂಗಳೇ ಒಂದು ಹಳೇ ಪಿಕಪ್ ತಂದು, ಒಣಗಿದ ಕೆರೆಯಂಗಳದಲ್ಲಿ ಓಡಿಸಲು ಕಲಿತಳು. ನೋಡಲು ಬಂದವರು ನಕ್ಕರು. ನಕ್ಕವರೇ ಮುಂದೆ ತಮ್ಮ ಕುರಿಗಳನ್ನೂ ಅವಳ ಗಾಡಿಗೆ ಹತ್ತಿಸಿದರು. ಅಲ್ಲಿಂದ ಹದಿನಾರು ವರ್ಷ ಅವಳು ಓಡಿಸಿದ್ದೇ ಓಡಿಸಿದ್ದು. ಕುರಿ, ಮೇವು, ಕುರಿಯ ಔಷಧಿ, ಮಗಳು ಭಾಗ್ಯಳ ಹೆರಿಗೆ. ಕೆಲಸವಿಲ್ಲದೆ ಒಂದು ದಿನವೂ ಗಾಡಿ ಹತ್ತಿದವಳಲ್ಲ.

ಈಗ ಮಂದೆ ಬೆಳೆದಿದೆ, ಕುರಿ ಹೈದರಾಬಾದಿಗೆ ಹೋಗುತ್ತವೆ, ಮನೆಯಲ್ಲಿ ಅನುಕೂಲವಿದೆ. ವ್ಯಾಪಾರದ ಫೋನು ನೋಡಿಕೊಳ್ಳುವ ಮಗ ಅನಿಲಕುಮಾರ ಒಳ್ಳೆ ಕಂಪನಿಯ ಎಸ್‌ಯುವಿ ತರೋಣವೆಂದ. ಅವನೇ ಬಿಳಿ ಗಾಡಿಯೊಂದನ್ನು ಆರಿಸಿಯೂ ಆಗಿತ್ತು.

“ಇಷ್ಟು ದಿನ ದುಡಿದಿ ಅವ್ವ. ಇನ್ನ ಹಿಂದಿನ ಸೀಟಿನ್ಯಾಗ ಆರಾಮ ಕುಂಡ್ರು. ಡ್ರೈವರ್ ಸಂಗುಗ ಹೇಳೀನಿ, ಅಂವ ಹೊಡಿತಾನ.”

“ಯಾಕ, ನನ್ನ ಕೈ ಮುರದಾವೇನು?” ಎಂದಳು ಮೋನಮ್ಮ. “ಗಾಡಿ ಸಣ್ಣದಿರ್ಲಿ. ಹೊಡ್ಯಾಕ ಮಜಾ ಬರಬೇಕು. ಆರ್ಸಾಕಿ ನಾನ.”

ಮಗ ಷರತ್ತು ಹಾಕಿದ. ಐತವಾರ ಜಹೀರಾಬಾದಿಗೆ ಮೂರು ಗಾಡಿ ತರಿಸುತ್ತೇನೆ, ಮೂರನ್ನೂ ಓಡಿಸಿ ನೋಡು. ಕೈಲಾಗದಿದ್ದರೆ ಬಿಳಿ ಗಾಡಿ, ಸಂಗು ಡ್ರೈವರ್, ಮತ್ತೆ ಮಾತಿಲ್ಲ. ಮೋನಮ್ಮ ಒಪ್ಪಿದಳು. ಸೋತರೆ ಉಳಿದ ಆಯುಷ್ಯವೆಲ್ಲ ಇನ್ನೊಬ್ಬನ ಬೆನ್ನು ನೋಡುತ್ತ ಕೂರಬೇಕಿತ್ತು.

ಐತವಾರ ಷೋರೂಮಿನ ಆನಂದಕುಮಾರ ಬಿಳಿ, ಕರಿ, ನೀಲಿ ಗಾಡಿಗಳನ್ನು ತಂದು ನಿಲ್ಲಿಸಿದ. ಮೋನಮ್ಮ ಬಿಳಿ ಗಾಡಿ ಹತ್ತಿದಳು. ಮಗ ಮತ್ತು ಆನಂದಕುಮಾರ ಹಿಂದೆ ಕುಳಿತರೆ, ಕಲ್ಯಾಣಪ್ಪ ನಿಂಬೆಹಣ್ಣು ಮೂಸುತ್ತ ಪಕ್ಕದಲ್ಲಿ ಕುಳಿತ. ಗಾಡಿಯಲ್ಲಿ ಕುಳಿತರೆ ಅವನಿಗೆ ವಾಂತಿ ಬರುತ್ತದೆ. ನಿಂಬೆಹಣ್ಣಿಲ್ಲದೆ ಅವನು ಷೇರ್ ಆಟೋ ಸಹ ಹತ್ತುವವನಲ್ಲ.

ನಾರಾಯಣಖೇಡದ ದಾರಿ ಹಿಡಿದು ಫರ್ಲಾಂಗು ದಾಟಿರಲಿಲ್ಲ, ಮೋನಮ್ಮ ಗೇರು ಬದಲಿಸಲೆಂದು ಎಡಗಾಲಿನಿಂದ ಕ್ಲಚ್ ಒತ್ತಿದಳು. ಗೇರು ತಾನೇ ಬದಲಾಗುವ ಆ ಗಾಡಿಯಲ್ಲಿ ಕ್ಲಚ್ಚೇ ಇಲ್ಲ. ಒತ್ತಿದ್ದು ಬ್ರೇಕು. ಎಲ್ಲರೂ ಮುಗ್ಗರಿಸಿದರು, ನಿಂಬೆಹಣ್ಣು ಹಾರಿ ಗಾಜಿಗೆ ಬಡಿಯಿತು.

“ನಾ ಹೇಳಿದ್ನಿಲ್ಲೇನವ್ವ,” ಎಂದ ಅನಿಲಕುಮಾರ. “ಇದು ಪಿಕಪ್ ಅಲ್ಲ.”

ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಗಾಡಿ ಬದಿಗೆ ನಿಲ್ಲಿಸಿ, ಎಡಗಾಲಿನ ಚಪ್ಪಲಿ ಕಳಚಿ ಗಂಡನ ಕೈಗೆ ಕೊಟ್ಟಳು. “ಹಿಡ್ಕೋರಿ. ಈ ಕಾಲಿಗಿ ಇವತ್ತು ಕೆಲಸಿಲ್ಲ. ಬರಿಗಾಲಿದ್ರ ಅದಕ್ಕ ನೆಪ್ಪಿರ್ತದ.” ಹಾಗೆಯೇ ಆಯಿತು. ಎಡಗಾಲು ಮತ್ತೆ ಅಲುಗಲಿಲ್ಲ. ಕಲ್ಯಾಣಪ್ಪ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಹೆಂಡತಿಯ ಚಪ್ಪಲಿ ಹಿಡಿದು ಗಂಭೀರವಾಗಿ ಕುಳಿತಿದ್ದ.

ಆನಂದಕುಮಾರ ಟಿವಿಯಂಥ ತೆರೆಯನ್ನೂ ಹಾಡಿನ ಪೆಟ್ಟಿಗೆಯನ್ನೂ ಬಾಗಿಲಿನ ಬಣ್ಣದ ದೀಪಗಳನ್ನೂ ವರ್ಣಿಸತೊಡಗಿದ.

“ತಮ್ಮಾ, ಅವೆಲ್ಲಾ ಬಂದ್ ಮಾಡು,” ಎಂದಳು ಮೋನಮ್ಮ. “ಮೊದಲ ಗೆಜ್ಜೆಸರ ಬಿಚ್ಚು. ಆಮ್ಯಾಲ ನೋಡಮು.”

ಅವನಿಗೆ ಅರ್ಥವಾಗಲಿಲ್ಲ. ಕಲ್ಯಾಣಪ್ಪ ಅರ್ಥ ಮಾಡಿಸಿದ. ಹಾಡು ನಿಂತಿತು, ದೀಪ ಆರಿದವು, ತೆರೆ ಕಪ್ಪಾಯಿತು. ಆಗ ಬಿಳಿ ಗಾಡಿಯ ಬಂಡವಾಳ ಬಯಲಾಯಿತು. ನೇರ ದಾರಿಯಲ್ಲಿ ಮೆತ್ತಗೆ ಹೋಗುತ್ತಿತ್ತು, ತಿರುವು ಬಂದರೆ ಮೈ ವಾಲಿಸುತ್ತಿತ್ತು. ಕೆಳಗೆ ಮಣ್ಣಿದೆಯೋ ಡಾಂಬರಿದೆಯೋ ಕೈಗೆ ತಿಳಿಯುತ್ತಲೇ ಇರಲಿಲ್ಲ. “ನೀರು ಕುಡಿಸಿದ ಟಗರ,” ಎಂದು ಇಳಿದಳು. ಕರಿ ಗಾಡಿಗೆ ಓಟವಿತ್ತು, ಆದರೆ ಒಂದೊಂದು ತಗ್ಗಿಗೂ ಸೊಂಟಕ್ಕೆ ಗುದ್ದುತ್ತಿತ್ತು. ಅದನ್ನೂ ಬಿಟ್ಟಳು.

ನೀಲಿ ಗಾಡಿ ಮೂರರಲ್ಲಿ ಚಿಕ್ಕದು. ಅನಿಲಕುಮಾರನ ಮೊಣಕಾಲು ಮುಂದಿನ ಸೀಟಿಗೆ ತಾಗಿ, ಅವನು ಹತ್ತುವಾಗಲೇ ಗೊಣಗಿದ. ದಾರಿ ತಿರುವುಗಳಿಗೆ ಬಂತು. ಹದಿನಾರು ವರ್ಷ ಕುರಿಗಳು ಬಿದ್ದಾವೆಂದು ಆಮೆಯ ಹಾಗೆ ದಾಟಿದ ತಿರುವುಗಳವು. ಮೋನಮ್ಮ ತುಸು ವೇಗದಲ್ಲೇ ಸ್ಟೇರಿಂಗ್ ತಿರುಗಿಸಿದಳು. ಗಾಡಿ ನೆಲ ಕಚ್ಚಿ, ಅವಳು ಮನಸ್ಸಿನಲ್ಲಿ ಗೆರೆ ಎಳೆದಲ್ಲೇ ಹೊರಳಿತು. ಚಕ್ರದಡಿಯ ಜಲ್ಲಿ ಅಂಗೈಗೆ ತಿಳಿಯಿತು, ಸೊಂಟಕ್ಕೆ ತಾಗಲಿಲ್ಲ. ಇಳಿಜಾರಿನಲ್ಲಿ ಕಾಲು ಒತ್ತಿದಷ್ಟೇ ನಿಧಾನವಾಯಿತು, ಏರಿನಲ್ಲಿ ಕೇಳಿದಷ್ಟೇ ಜಿಗಿಯಿತು. ಎರಡನೆಯ ತಿರುವು ದಾಟುವಷ್ಟರಲ್ಲಿ ಮೋನಮ್ಮ ಒಬ್ಬಳೇ ನಗುತ್ತಿದ್ದಳು. ಅಷ್ಟು ಸುಖವನ್ನು ಅವಳು ಯಾವ ಗಾಡಿಯಲ್ಲೂ ಕಂಡಿರಲಿಲ್ಲ.

ಹಿಂದಿನ ಸೀಟಿನಿಂದ ಅನಿಲಕುಮಾರ ಮುಂದಕ್ಕೆ ಬಾಗಿದ.

“ಅವ್ವ, ತಿರುಗಿಸ್ಕೊಂಡು ಹೋಗಿ ಆ ತಿರುವು ಇನ್ನೊಂದ್ ಸರ್ತಿ ಹೊಡಿ.”

ಅವಳು ಹೊಡೆದಳು.

“ಸಂಗುಗ ಬ್ಯಾಡಂತ ಹೇಳ್ತೀನಿ,” ಎಂದ ಮಗ. ಮೋನಮ್ಮ ಗೆದ್ದಿದ್ದಳು.

ನೀಲಿ ಗಾಡಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಅವಳು ಗಂಡನನ್ನು ಹತ್ತಿಸಿಕೊಂಡು ಹೊರಟಳು. ಎಲ್ಲಿಗೆ ಎಂದು ಅವನು ನಾರಾಯಣಖೇಡದಲ್ಲಿ ಕೇಳಿದ, ಜಹೀರಾಬಾದಿನಲ್ಲಿ ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ದಾರಿ ಚೆನ್ನಾಗಿತ್ತು, ಹೋಗುತ್ತ ಹೋಗುತ್ತ ತಾಂಡೂರು ಬಂತು. ತಾಂಡೂರಿನ ಪಕ್ಕದ ಕರಣಕೋಟದ ಸಿಮೆಂಟು ಕಾರ್ಖಾನೆಯಲ್ಲಿ ಅಳಿಯನಿಗೆ ನೌಕರಿ. ಭಾಗ್ಯಳ ಮನೆ ಅಲ್ಲೇ.

ಬಾಗಿಲಲ್ಲಿ ಅವ್ವನನ್ನು ಕಂಡ ಭಾಗ್ಯಳ ಮುಖ ಬಿಳುಚಿತು. ಹೆರಿಗೆ, ಕಾಯಿಲೆ, ಸಾವು ಇಲ್ಲದೆ ಅವ್ವ ಅಷ್ಟು ದೂರ ಬಂದವಳೇ ಅಲ್ಲ.

“ಯಾರಿಗೇನಾತವ್ವ? ಅಪ್ಪ ಎಲ್ಲಿ?”

“ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಗಾಡ್ಯಾಗ ನಿದ್ದಿ ಹೊಡ್ಯಾಕತ್ಯಾನ.”

ಭಾಗ್ಯ ಓಡಿ ಹೋಗಿ ನೋಡಿದಳು. ಕಲ್ಯಾಣಪ್ಪ ಬಾಯಿ ತೆರೆದು ಮಲಗಿದ್ದ, ಮೂಸದ ನಿಂಬೆಹಣ್ಣು ಮುಂದೆಯೇ ಇತ್ತು. ಹಿಂದೆ ಚೀಲವಿಲ್ಲ, ಮೇವಿಲ್ಲ, ಔಷಧಿಯ ಡಬ್ಬಿಯಿಲ್ಲ. ಅವಳು ಅವ್ವನ ಕಡೆ ತಿರುಗಿದಳು.

“ಮತ್ತ ಯಾಕ ಬಂದಿ?”

“ಸುಮ್ನ ಬಂದೆ,” ಎಂದಳು ಮೋನಮ್ಮ. ಆ ಮಾತು ಅವಳ ಬಾಯಲ್ಲಿ ಅದೇ ಮೊದಲು. ಭಾಗ್ಯಳ ಕಣ್ಣು ತುಂಬಿತು. “ಅಳ್ತಿ ಯಾಕ? ಚಾ ಇಡು. ಕುಡದು ನೀನೂ ಹತ್ತು, ಹಂಗ ಒಂದ್ ಸುತ್ತ ಹೋಗಿ ಬರಮು.”