ಹರಾಜಿನ ದಿನದ ಮಾತ್ರೆ

ದಂಡಿನಶಿವರದಲ್ಲಿ ಗಿರಿಜಾಂಬಿಕಾ ಅವರ ಕೈಗೆ ಒಂದು ಹೆಸರಿತ್ತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಕರಟವನ್ನು ಅವರು ಮಚ್ಚಿನಿಂದ ಬಿಡಿಸಿದರೆ ಒಳಗಿನ ಉಂಡೆ ಕೊಬ್ಬರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಆ ಕೈಗೇ ಕೀಲುವಾತ ವಕ್ಕರಿಸಿತು. ಬೆಳಗಾದರೆ ಬೆರಳು ಊದಿ ಮುಷ್ಟಿ ಕಟ್ಟಲಾಗದು. ಗಂಡ ಏಕಾಂತಯ್ಯ ಪಾಪ, ಹೆಂಡತಿಗೆ ಜಡೆ ಹಾಕಲು ಹೋಗಿ ತೆಂಗಿನ ನಾರಿನ ಹಗ್ಗ ಹೊಸೆದಂತೆ ಹೊಸೆದಿಟ್ಟರು.

ತಿಪಟೂರಿನ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: "ಇದು ವಾಸಿಯಾಗಿ ಹೋಗುವ ಕಾಯಿಲೆಯಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳುವ ಕಾಯಿಲೆ. ಅರ್ಧ ಕೆಲಸ ನನ್ನದು, ಅರ್ಧ ನಿಮ್ಮದು." ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿ ಬೆರಳು ಮಡಿಸಿ ಬಿಡಿಸಬೇಕು. ಹಳದಿ ಮಾತ್ರೆ ವಾರಕ್ಕೆ ಒಂದೇ ದಿನ.

"ವಾರದಲ್ಲಿ ನೀವು ಯಾವತ್ತೂ ಮರೆಯದ ದಿನ ಯಾವುದು?"

"ಕೊಬ್ಬರಿ ಹರಾಜಿನ ದಿನ ಕಣ್ರೀ."

"ಹಾಗಾದರೆ ಅವತ್ತೇ ತಗೊಳ್ಳಿ."

ಕರಾವಳಿಯಿಂದ ಬಂದು ಇನ್ನೂ ತಿಂಗಳಾಗದ ಡಾಕ್ಟರಮ್ಮನಿಗೆ ತಿಪಟೂರಿನಲ್ಲಿ ಹರಾಜು ವಾರಕ್ಕೆ ಎರಡು ಸಲ ನಡೆಯುತ್ತದೆಂದು ಹೇಗೆ ಗೊತ್ತಾಗಬೇಕು? ನಮ್ಮ ಗಿರಿಜಾಂಬಿಕಾ ಅವರಿಗೋ, ದೊಡ್ಡವರ ಮಾತೆಂದರೆ ಮಾತು. ಏಕಾಂತಯ್ಯ ಕೊಬ್ಬರಿ ಚೀಲ ಹೊತ್ತು ಹರಾಜಿಗೆ ಹೊರಟ ದಿನವೆಲ್ಲ ಇವರು ಮಾತ್ರೆ ನುಂಗಿದರು. ಚೀಟಿಯಲ್ಲಿ ವಾರಕ್ಕೊಮ್ಮೆ ಎಂದು ಬರೆದಿತ್ತು, ಆದರೆ ಅದು ಡಬ್ಬಿಯ ತಳ ಸೇರಿತ್ತು.

ಒಂದೂವರೆ ತಿಂಗಳಲ್ಲಿ ಮುಷ್ಟಿ ಕಟ್ಟಲು ಬಂತು. ಮಚ್ಚು ಮತ್ತೆ ಕೈಗೆ ಬಂತು. ಅದರ ಹಿಂದೆಯೇ ಬಾಯಿ ತುಂಬ ಹುಣ್ಣು. ಉಷ್ಣ ಎಂದುಕೊಂಡು ಎಳನೀರು ಕುಡಿದರು, ಮಜ್ಜಿಗೆ ಕುಡಿದರು. ಅಷ್ಟರಲ್ಲಿ ಮಾತ್ರೆ ಮುಗಿಯಿತು. ಮೆಡಿಕಲ್ ಸ್ಟೋರಿನ ದಾನೇಶ್ವರಿ ಚೀಟಿ ನೋಡಿ ಹುಬ್ಬು ಗಂಟಿಕ್ಕಿದಳು.

"ಗಿರಿಜಕ್ಕ, ಮೂರು ತಿಂಗಳ ಮಾತ್ರೆ ಇಷ್ಟು ಬೇಗ ಹೆಂಗ್ ಖಾಲಿಯಾಯ್ತು?"

"ಹರಾಜಿನ ದಿನ ತಪ್ಪದಂಗೆ ತಗೊಂಡೆ ಕಣಮ್ಮ."

"ಅಯ್ಯೋ, ಎರಡು ಹರಾಜಿಗೂನಾ? ಮೊದ್ಲು ಡಾಕ್ಟ್ರ ಹತ್ರ ನಡೀರಿ!" ಎಂದವಳೇ ತಾನೇ ಆಟೋ ನಿಲ್ಲಿಸಿ ಹತ್ತಿಸಿದಳು.

ಮಾತ್ರೆ ಹೆಚ್ಚಾಗಿಯೇ ಬಾಯಿ ಹುಣ್ಣಾಗಿತ್ತು, ರಕ್ತ ಪರೀಕ್ಷೆಯಲ್ಲಿ ಬಿಳಿ ಕಣವೂ ಜೀವಕ್ಕೆ ಅಪಾಯವೆನ್ನುವಷ್ಟು ಇಳಿದಿದ್ದವು. ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ನಾನು ವಾರದ ಹೆಸರು ಹೇಳಬೇಕಿತ್ತು. ಈಗ ಮಾತ್ರೆ ನಿಲ್ಲಿಸಿ. ರಕ್ತ ಸರಿಹೋಗದಿದ್ದರೆ ಇದನ್ನು ಮತ್ತೆ ಕೊಡೋಕಾಗಲ್ಲ."

ಗಿರಿಜಾಂಬಿಕಾ ಅವರಿಗೆ ಸಾಯುವ ಭಯಕ್ಕಿಂತ ಕೈ ಹೋಗುವ ಭಯವೇ ದೊಡ್ಡದಾಗಿತ್ತು. ಮೂರು ವಾರ ಮಾತ್ರೆಯಿಲ್ಲ. ಬೆರಳು ಮತ್ತೆ ಸೆಟೆದುಕೊಂಡವು. ಅಳುತ್ತಲೇ ಬಿಸಿನೀರಿಗೆ ಕೈ ಇಟ್ಟು ಮಡಿಸಿದರು, ಬಿಡಿಸಿದರು. ಒಂದು ಬೆಳಗೂ ತಪ್ಪಿಸಲಿಲ್ಲ. ತಮ್ಮ ಪಾಲಿನ ಅರ್ಧವನ್ನಾದರೂ ಕೆಡಿಸಬಾರದೆಂಬ ಹಟ.

ರಕ್ತ ಸರಿಹೋಯಿತು. ಮಾತ್ರೆ ಮತ್ತೆ ಶುರುವಾಯಿತು, ಗುರುವಾರ ಮಾತ್ರ. ಆದರೆ ವಾರಕ್ಕೆ ಎರಡು ಮಾತ್ರೆಗೆ ಬಗ್ಗಿದ ನೋವು ಒಂದಕ್ಕೆ ಬಗ್ಗೀತೇ? ಎರಡು ತಿಂಗಳು ಅದೇ ಯೋಚನೆ.

ಮೊನ್ನೆ ಡಾಕ್ಟರಮ್ಮ ಒಂದೊಂದೇ ಗೆಣ್ಣು ಒತ್ತಿ ನೋಡಿದರು. ಎಲ್ಲೂ ಊತವಿಲ್ಲ, ರಕ್ತವೂ ಚೆನ್ನಾಗಿದೆ. "ವಾರಕ್ಕೆ ಒಂದೇ ಸಾಕು. ಹೀಗೇ ಮುಂದುವರಿಸಿ." ಗಿರಿಜಾಂಬಿಕಾ ಅವರಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೂತು ಚೆನ್ನಾಗಿ ಅತ್ತರು. ಡಾಕ್ಟರಮ್ಮನೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಗಂಡನ ಜೊತೆ ವಾಪಸಾಗುವಾಗ ಬಸ್ಸು ತುಂಬಿ ತುಳುಕುತ್ತಿತ್ತು. ಕಾಲೇಜು ಹುಡುಗಿಯೊಬ್ಬಳು ಎದ್ದು ಜಾಗ ಬಿಟ್ಟಳು.

"ಕೂತ್ಕೊಳ್ಳೇ," ಎಂದರು ಏಕಾಂತಯ್ಯ.

"ನೀವ್ ಕೂತ್ಕಳಿ. ನಾನು ನಿಂತ್ಕೊಂಡೇ ಬತ್ತೀನಿ," ಎಂದು ಗಿರಿಜಾಂಬಿಕಾ ಮೇಲಿನ ಕಂಬಿ ಹಿಡಿದರು. ಊರು ಬರುವವರೆಗೂ ಬಿಡಲಿಲ್ಲ.