ನಮಗಿಂತ ಮೊದಲು ಬಂದುಹೋದವಳು

ಇಂಥದ್ದನ್ನು ನಾನು ನಂಬುವವನಲ್ಲ. ಪತ್ರಿಕೆಯ ಕೆಲಸದಲ್ಲಿ ವರ್ಷಗಳನ್ನು ಕಳೆದವನಿಗೆ ಯಾರು ಹೇಳಿದರು, ಯಾವಾಗ ಹೇಳಿದರು, ಅದನ್ನು ಇನ್ನೊಬ್ಬರೂ ಹೌದೆನ್ನುತ್ತಾರೆಯೇ ಎಂಬುದಷ್ಟೇ ಮುಖ್ಯ. ಹೊಲದಲ್ಲಿ ಬೆಳಕು ಕಂಡಿತು, ಮುಚ್ಚಿದ ಮನೆಯಿಂದ ದನಿ ಕೇಳಿಸಿತು ಎಂಬ ಸುದ್ದಿಗಳು ನಮ್ಮ ವಿಜಯಪುರದ ಕಚೇರಿಗೆ ಆಗಾಗ ಬರುತ್ತಿದ್ದವು. ಹೋಗಿ ನೋಡಿದರೆ ಎಲ್ಲದಕ್ಕೂ ಒಂದು ಕಾರಣ ಸಿಗುತ್ತಿತ್ತು. ಕಾರಣ ಸಿಗದ ಒಂದೇ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅದನ್ನು ಆಗ ಪತ್ರಿಕೆಗೆ ಕೊಡಲಿಲ್ಲ. ಓದಿದವರು ಯಾರಾದರೂ ಕಾರಣ ಕಂಡುಹಿಡಿದರೆ ನನಗೆ ಸಂತೋಷವೇ.

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಆರೋಗ್ಯ ಸಮೀಕ್ಷೆ ನಡೆಸುತ್ತಿತ್ತು. ಅದರ ನಿಯಮ ಕಠಿಣವಾಗಿತ್ತು. ಪ್ರತಿ ಊರಿನಲ್ಲಿ ಯಾವ ಮನೆಗಳಿಗೆ ಹೋಗಬೇಕೆಂದು ಕಂಪ್ಯೂಟರ್ ಆರಿಸುತ್ತಿತ್ತು. ಆ ಮನೆಯವರು ಬೇಡವೆಂದರೆ ಪಕ್ಕದ ಮನೆಗೆ ಹೋಗಿ ಲೆಕ್ಕ ತುಂಬಿಸುವಂತಿರಲಿಲ್ಲ. ಬೇಡವೆನ್ನುವವರನ್ನೇ ಒಪ್ಪಿಸಬೇಕು, ಇಲ್ಲವೇ ಆ ಜಾಗ ಖಾಲಿ ಬಿಡಬೇಕು. ಒಬ್ಬರಿಗೆ ಬಾಗಿಲು ಹಾಕಿಕೊಂಡ ಮನೆ ಇನ್ನೊಬ್ಬರಿಗೆ ಹೇಗೆ ತೆರೆಯುತ್ತದೆ ಎಂಬ ಬಗ್ಗೆ ಲೇಖನ ಬರೆಯಲು ನಾನು ಅವರ ಜೀಪಿನಲ್ಲಿ ಕೆಲವು ದಿನ ಓಡಾಡಿದೆ.

ತಂಡದ ಮೇಲ್ವಿಚಾರಕ ಸಂಗಪ್ಪ. ಪ್ರಶ್ನೆ ಕೇಳುವವರಲ್ಲಿ ಇಬ್ಬರು ಹುಡುಗರು, ಒಬ್ಬಳು ರೇಣುಕಾ. ಅವಳು ನಾಲತವಾಡದವಳು. ಗಂಡನ ಮನೆ ಬಿಟ್ಟು ಸಣ್ಣ ಮಗಳೊಂದಿಗೆ ತವರಿಗೆ ಬಂದಿದ್ದಳು. ತನ್ನ ಹೆಸರಿನಲ್ಲಿ ಬಂದ ಮೊದಲ ಸಂಬಳ ಈ ಕೆಲಸದ್ದು. ಮುಂದಿನ ವರ್ಷಕ್ಕೂ ತನ್ನನ್ನು ಇಟ್ಟುಕೊಂಡರೆ ಮಗಳನ್ನು ಒಳ್ಳೆಯ ಶಾಲೆಗೆ ಹಾಕುವ ಯೋಚನೆಯಲ್ಲಿದ್ದಳು.

ಹುಡುಗರು ಬಾಗಿಲಲ್ಲಿ ನಿಂತು ಬಾಯಿಪಾಠ ಒಪ್ಪಿಸುತ್ತಿದ್ದರು. "ಎರಡ ನಿಮಿಷರಿ" ಎಂದು ಶುರು ಮಾಡುತ್ತಿದ್ದರು. ಎರಡು ನಿಮಿಷದಲ್ಲಿ ಮುಗಿಯುವುದಿಲ್ಲವೆಂದು ಯಾರಿಗೆ ತಾನೆ ಗೊತ್ತಿಲ್ಲ? ರೇಣುಕಾ ಎಂದೂ ಹಾಗೆ ಹೇಳುತ್ತಿರಲಿಲ್ಲ. ಇಂಡಿಯ ಹತ್ತಿರ ನಿಂಬೆ ತೋಟದ ರೈತನೊಬ್ಬ, "ನಮ್ಮ ಮನ್ಯಾಗ ಯಾರಿಗೂ ರೋಗ ಇಲ್ಲ, ಮುಂದ ನಡೀರಿ" ಎಂದು ಗದರಿದ.

"ರೋಗ ಇಲ್ಲದವ್ರ ಲೆಕ್ಕನೂ ಬೇಕ್ರಿ ಯಜಮಾನ್ರ," ಎಂದಳು ರೇಣುಕಾ. "ಬರೇ ರೋಗಸ್ಥರನ್ನ ಬರದ್ರ ಇಂಡಿ ತಾಲೂಕ ಪೂರಾ ದವಾಖಾನಿ ಅಂತ ತಿಳೀತಾರ. ಅರ್ಧಾ ತಾಸ ಹಿಡೀತೈತಿ. ಬ್ಯಾಡ ಅಂದ್ರ ಬ್ಯಾಡ್ರಿ, ನಾ ಬೇಜಾರ ಮಾಡ್ಕೊಳ್ಳಂಗಿಲ್ಲ."

ಅವನು ಅವಳನ್ನೇ ನೋಡಿದ. ನಕ್ಕ. ಕುರ್ಚಿ ತರಿಸಿದ. ಅವಳ ರೀತಿ ಇಷ್ಟೇ: ಬೇಡವೆಂಬ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ, ಅದರ ಹಿಂದಿನ ಕಾರಣಕ್ಕೆ ಕೊಡುತ್ತಿದ್ದಳು. ಇನ್ನೊಂದನ್ನೂ ನಾನು ಗಮನಿಸಿದೆ. ಅವಳು ಅಪರಿಚಿತರ ಬಾಗಿಲಲ್ಲಿ ಅಪರಿಚಿತಳಂತೆ ನಿಲ್ಲುತ್ತಿರಲಿಲ್ಲ. ಎಲ್ಲೋ ಹೋಗಿ ಈಗ ಮರಳಿ ಬಂದವಳಂತೆ ನಿಲ್ಲುತ್ತಿದ್ದಳು.

ಸಂಗಪ್ಪನಿಗೆ ಇದು ಸರಿಬೀಳಲಿಲ್ಲ. "ಸರ, ಇಕಿಗೆ ಬ್ಯಾಡ ಅನ್ನೋವ್ರ ಇಲ್ಲ. ಇದು ಖರೇ ಅಲ್ಲ," ಎಂದು ಒಂದು ದಿನ ನನ್ನನ್ನು ಬದಿಗೆ ಕರೆದು ಹೇಳಿದ. "ಒಂದೋ ಗಿಡದ ನೆರಳಾಗ ಕುಂತ ತಾನ ಬರೀತಾಳ, ಇಲ್ಲಾ ಮೊದಲ ಯಾರನರ ಕಳಿಸಿ ಮಂದೀನ ಸೆಟ್ ಮಾಡಿಸ್ತಾಳ. ಗೊತ್ತಾತಂದ್ರ ಅಕಿದು ಎಲ್ಲಾ ರದ್ದ ಮಾಡಿ ಮನಿಗೆ ಕಳಸೂದ." ಮರುದಿನ ಸಿಂದಗಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವಳ ಬೆನ್ನಿಗೇ ಇದ್ದೆ. ಒಂದು ಪ್ರಶ್ನೆಯನ್ನೂ ಅವಳು ಬಿಡಲಿಲ್ಲ. ಸಂಜೆ ಸಿಂದಗಿ ಬಸ್ ನಿಲ್ದಾಣದ ಎದುರು ಜೀಪಿನ ಗಾಲಿ ಪಂಕ್ಚರ್ ಆಗಿ, ಎಲ್ಲರೂ ಚಹಾ ಕುಡಿಯುತ್ತಾ ಕತ್ತಲಾಗುವತನಕ ಅಲ್ಲೇ ಕುಳಿತೆವು. ಈ ವಿವರ ಮುಂದೆ ಮುಖ್ಯವಾಗುತ್ತದೆ.

ಅದರ ಮರುದಿನ ಬಸವನ ಬಾಗೇವಾಡಿಯ ಹೋಟೆಲಿನಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ತಿನ್ನುವಾಗ ಸಂಗಪ್ಪ ಲ್ಯಾಪ್‌ಟಾಪ್ ತೆರೆದು ಆ ದಿನದ ಊರು, ಆ ದಿನದ ಮನೆಗಳ ಪಟ್ಟಿ ಇಳಿಸಿಕೊಂಡ. ಪಟ್ಟಿ ಬರುವುದೇ ಆಯಾ ದಿನ ಬೆಳಿಗ್ಗೆ, ಬರುವುದು ಅವನೊಬ್ಬನಿಗೆ. ಊರು ಕೊಲ್ಹಾರದ ಕಡೆಯ ಒಂದು ಆರ್‌ಸಿ, ಅಂದರೆ ಕೃಷ್ಣೆಯ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದ ಮೇಲೆ ಕಟ್ಟಿಕೊಟ್ಟ ಪುನರ್ವಸತಿ ಊರು. ಹಿಂದೆ ಬಂದಿದ್ದ ಇನ್ನೊಂದು ತಂಡವನ್ನು ಅಲ್ಲಿಯವರು ಬರಿಗೈಯಲ್ಲಿ ಅಟ್ಟಿದ್ದರಂತೆ. ರೇಣುಕಾಳ ಪಾಲಿಗೆ ಬಂದ ಮನೆಗಳಲ್ಲಿ ಮೊದಲನೆಯದು ನೀಲವ್ವ ಎಂಬ ಮುದುಕಿಯದು.

ದಾರಿ ಕೇಳಿದಾಗ ಅಂಗಡಿಯವನು ನಕ್ಕ. "ನೀಲವ್ವನ ಮನಿಗೇನು? ಚಪ್ಪಲಿ ಕೈಯಾಗ ಹಿಡಕೊಂಡ ಹೋಗ್ರಿ. ಓಡಾಕ ಹಗೂರ ಆಕ್ಕತಿ."

ನೀಲವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ರೇಣುಕಾ ಕಟ್ಟೆಯ ಈಚೆಗೇ ನಿಂತು ಬಾಯಿ ತೆರೆಯುವ ಮೊದಲೇ ಮುದುಕಿ ತಲೆ ಎತ್ತಿ, "ಬಂದ್ಯಾ? ಬಾ, ಕುಂಡ್ರು. ನಿನ್ನಿ ಮಾತ ಕೊಟ್ಟೀನಲ್ಲ," ಎಂದಳು.

ರೇಣುಕಾ ನನ್ನತ್ತ ನೋಡಿದಳು. "ಯವ್ವಾ, ನಾ ಇವತ್ತ ಬರಾಕತ್ತೇನಿ," ಎಂದಳು.

"ನಿನ್ನಿ ಸಂಜೀ ಮುಂದ ಕುಂತ ಹೋದಾಕಿ ಮತ್ಯಾರು, ನಿನ್ನ ದೆವ್ವನು?" ಎಂದು ಮುದುಕಿ ನಕ್ಕು, ಜೋಳದ ಮೊರ ಬದಿಗಿಟ್ಟಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ನಡುವೆ ಒಮ್ಮೆ ಅವಳೇ ಹೇಳಿದಳು: "ಮೊದಲ ಹಿಂಗ ಬರಕೊಂಡ ಹೋದ್ರು. ಖೋಲಿ ಎಷ್ಟು, ಕಂಬ ಎಷ್ಟು, ಬಾಗಲಾ ಎಷ್ಟು. ಆಮ್ಯಾಲೆ ನೀರ ಬಂತು. ಅದಕ್ಕ ಬರಿಯೋವ್ರನ್ನ ಕಂಡ್ರ ನನಗ ಆಗಂಗಿಲ್ಲ."

ವಯಸ್ಸಾದ ಹೆಂಗಸು, ಯಾರನ್ನೋ ಯಾರೋ ಎಂದುಕೊಂಡಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ರೇಣುಕಾಳೂ ಹಾಗೆಯೇ ಅಂದುಕೊಂಡಳು.

ಎರಡನೆಯ ಮನೆ ಇನ್ನೊಂದು ಓಣಿಯ ತುದಿಯಲ್ಲಿತ್ತು. ಅದು ನಿವೃತ್ತ ಮಾಸ್ತರರೊಬ್ಬರದು. ಮಾತು ಚುರುಕು, ಕಣ್ಣು ಚುರುಕು, ಸಮೀಕ್ಷೆಗಳ ವಿರುದ್ಧ ತಹಶೀಲ್ದಾರರಿಗೆ ಅರ್ಜಿ ಬರೆದ ಮನುಷ್ಯ. ರೇಣುಕಾಳನ್ನು ಕಂಡು ಎದ್ದು ನಿಂತರು.

"ಬರ್ರಿ ತಂಗಿ. ನಿನ್ನೆ ನೀವು ಕೇಳಿದ್ದಕ್ಕ ಉತ್ತರ ಕೊಡಲಿಲ್ಲ ನಾನು. ರಾತ್ರಿ ಪೂರಾ ವಿಚಾರ ಮಾಡಿದೆ."

"ಏನ ಕೇಳಿದ್ದೆರಿ ನಾನು?" ಎಂದಳು ರೇಣುಕಾ. ಈ ಸಲ ಅವಳ ದನಿ ಸಣ್ಣದಾಗಿತ್ತು.

"ಕನಸಿನ್ಯಾಗ ಯಾವ ಮನಿ ಬರತೈತಿ ಅಂತ ಕೇಳಿದ್ರೆಲ್ಲ, ಹಳೇದೋ ಹೊಸದೋ ಅಂತ. ಹಳೇದ ಬರತೈತ್ರಿ. ಇಷ್ಟ ವರ್ಷ ಇಲ್ಲಿದ್ರೂ ಈ ಮನಿ ಒಮ್ಮಿನೂ ಬಂದಿಲ್ಲ. ನೀವು ಕೇಳೂತನಾ ನನಗ ಅದು ಗೊತ್ತ ಇರಲಿಲ್ಲ."

ಆರೋಗ್ಯ ಸಮೀಕ್ಷೆಯಲ್ಲಿ ಅಂಥ ಪ್ರಶ್ನೆ ಇರಲಿಲ್ಲ. ಇರುವುದೂ ಸಾಧ್ಯವಿಲ್ಲ.

ಮಧ್ಯಾಹ್ನ ಸಂಗಪ್ಪ ತನ್ನ ವಾಡಿಕೆಯಂತೆ, ಮುಗಿದ ಮನೆಗಳನ್ನು ತಪಾಸಣೆ ಮಾಡಲು ಹೊರಟ. ಒಂದು ಗಂಟೆಯೊಳಗೆ ಮುಖ ಕೆಂಪು ಮಾಡಿಕೊಂಡು ಜೀಪಿನ ಹತ್ತಿರ ಬಂದ. "ಸಿಕ್ಕಬಿದ್ದಳ್ರಿ ಸರ. ನೀಲವ್ವ ಹೇಳ್ತಾಳ, ಎರಡ ಸಲ ಬಂದಿದ್ದಳಂತ. ರೇಣುಕಾ, ನಿನ್ನಿ ಬಂದದ್ದ ಎಲ್ಲೈತಿ? ಎಲ್ಲಿ ಬರದೀ?" ರೇಣುಕಾಳ ಕಣ್ಣಲ್ಲಿ ನೀರು ಬಂತು. ನಿನ್ನೆ ಇಡೀ ದಿನ ಅವಳು ಸಿಂದಗಿಯಲ್ಲಿ ನಮ್ಮೊಂದಿಗಿದ್ದಳೆಂದು ನಾನು ನೆನಪಿಸಿದೆ. "ಹಂಗಾದ್ರ ಯಾರನೋ ಕಳಿಸ್ಯಾಳ. ನಡೀರಿ, ಮುದುಕಿ ಮುಂದ ನಿಲ್ಲಿಸಿ ಕೇಳೂಣು," ಎಂದ.

ಮೂವರೂ ಹೋದೆವು. ಸಂಗಪ್ಪ ನೀಲವ್ವನ ಎದುರು ರೇಣುಕಾಳನ್ನು ನಿಲ್ಲಿಸಿ, ನಿನ್ನೆ ಬಂದವಳೂ ಇವಳೂ ಒಬ್ಬಳೇ ಏನು ಎಂದು ಕೇಳಿದ. ಮುದುಕಿ ಬಹಳ ಹೊತ್ತು ನೋಡಿದಳು.

"ಇಕಿ ಅಲ್ಲ ಬಿಡೋ," ಎಂದಳು. "ನಿನ್ನಿನಾಕಿ ವಯಸ್ಸಾದಾಕಿ. ನಿಲ್ಲೂ ರೀತಿ, ಮಾತು ಅಷ್ಟ ಇಕಿಂದ."

"ನಿಮಗ ಏನರ ಕೊಟ್ಟಳೇನು? ಹಿಂಗ ಹೇಳ್ರಿ ಅಂತ ಕಲಿಸಿದಳೇನು?"

"ನನಗ ಕಲಿಸಾಕ ಅಕಿ ಯಾರು? ಕಟ್ಟಿ ಮ್ಯಾಲ ಕುಂತಳು. ಕನಸಿನ್ಯಾಗ ಯಾವ ಮನಿ ಬರತೈತಿ ಅಂದಳು. ನನಗ ಅಳು ಬಂತು. ನಾಳಿ ಮತ್ತ ಬರತೇನಿ, ಹೊಳ್ಳಿ ಕಳಿಸಬ್ಯಾಡ ಅಂದು ಎದ್ದ ಹೋದಳು."

ಅದೇ ಪ್ರಶ್ನೆ. ಮಾಸ್ತರರು ಹೇಳಿದ್ದನ್ನು ನಾವಿಬ್ಬರೂ ಇನ್ನೂ ಸಂಗಪ್ಪನಿಗೆ ಹೇಳಿರಲಿಲ್ಲ. ಮಾಸ್ತರರ ಮನೆಗೂ ನೀಲವ್ವನ ಮನೆಗೂ ಹೊಲದ ಬದುವಿನ ಜಗಳದಿಂದ ಮಾತುಕತೆಯೇ ಇಲ್ಲವೆಂದು ಅಂಗಡಿಯವನಿಂದ ಆಮೇಲೆ ತಿಳಿಯಿತು.

"ನೋಡ್ರಿ, ಯಾರನೋ ಕಳಿಸ್ಯಾಳ ಅಂದೆನಿಲ್ಲೋ!" ಎಂದು ಸಂಗಪ್ಪ ಗೆದ್ದವನಂತೆ ನನ್ನತ್ತ ತಿರುಗಿದ.

ನಾನು ಅವನಿಗೆ ಒಂದೇ ಮಾತು ಕೇಳಿದೆ. "ಇಂದಿನ ಪಟ್ಟಿ ಇಂದು ಬೆಳಿಗ್ಗೆ ಬಂತು. ನಿನ್ನೆ ಸಂಜೆಯೇ ಈ ಮನೆಗಳು ಯಾರಿಗಾದರೂ ಗೊತ್ತಿದ್ದರೆ, ಯಾರಿಂದ ಗೊತ್ತಾಗಿರಬೇಕು?"

"ನಾನೂ ನೋಡಿರಲಿಲ್ಲರಿ ಸರ," ಎಂದ ಸಂಗಪ್ಪ ಮೆಲ್ಲಗೆ. ಆರೋಪ ಮಾಡಲು ಹೋಗಿ ತಾನೇ ಆರೋಪಿಯ ಜಾಗದಲ್ಲಿ ನಿಂತಿದ್ದು ಅವನಿಗೆ ಹೊಳೆಯಿತು.

ನನ್ನ ಕೆಲಸವೇ ವಿಚಾರಿಸುವುದು. ಆ ಸಂಜೆ ಎರಡೂ ಓಣಿಗಳಲ್ಲಿ ಮನೆಮನೆಗೆ ಹೋಗಿ, ನಿನ್ನೆ ಯಾರಾದರೂ ಹೊಸ ಹೆಂಗಸು ಬಂದಿದ್ದಳೇ ಎಂದು ಕೇಳಿದೆ. ಪಕ್ಕದ ಮನೆಗೆ ಬಂದಿಲ್ಲ, ಎದುರು ಮನೆಗೆ ಬಂದಿಲ್ಲ. ಓಣಿಯಲ್ಲಿ ಅಂಥವಳನ್ನು ಕಂಡವರೂ ಇಲ್ಲ. ಪಟ್ಟಿಯಲ್ಲಿದ್ದ ರೇಣುಕಾಳ ಮನೆಗಳಿಗೆ ಮಾತ್ರ ಬಂದಿದ್ದಳು. ಸಂಜೆಯ ಮಬ್ಬಿನಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ, ನಿಂತ ರೀತಿಯನ್ನೇ ಗುರುತಿಟ್ಟುಕೊಂಡೆ ಎಂದರು ಮಾಸ್ತರರು. ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದೆ. ಅವಳು ತಂಗಿಯ ಮದುವೆಗೆಂದು ನಿಡಗುಂದಿಗೆ ಹೋಗಿ ಆ ದಿನವಷ್ಟೇ ಮರಳಿದ್ದಳು. ಮರಳಿ ಬಂದವಳಂತೆ ನಿಲ್ಲುವ ರೇಣುಕಾಳ ರೀತಿಯೇ ಜನರ ನೆನಪಿನಲ್ಲಿ ಹಿಂದಿನ ದಿನದ ಭೇಟಿಯೊಂದನ್ನು ಹುಟ್ಟಿಸಿತೇ ಎಂದೂ ಯೋಚಿಸಿದೆ. ಒಬ್ಬರ ಮಟ್ಟಿಗೆ ಅದನ್ನು ಒಪ್ಪಬಹುದು. ಮಾತೇ ಬಿಟ್ಟ ಇಬ್ಬರಲ್ಲಿ ಒಂದೇ ಪ್ರಶ್ನೆಯನ್ನು ಅದು ಹೇಗೆ ಹುಟ್ಟಿಸೀತು?

ಸಂಗಪ್ಪ ಮೇಲಿನವರಿಗೆ ವರದಿ ಕಳಿಸಲೇಬೇಕಾಗಿತ್ತು. ಸಾಕ್ಷಿಯಾಗಿ ನನ್ನಿಂದ ಎರಡು ಸಾಲು ಕೇಳಿದ. "ಹಿಂದಿನ ದಿನ ಬೆಳಗಿನಿಂದ ಕತ್ತಲಾಗುವವರೆಗೆ ರೇಣುಕಾ ಸಿಂದಗಿಯಲ್ಲಿ ನನ್ನ ಕಣ್ಣೆದುರು ಇದ್ದರು" ಎಂದು ಬರೆದು ಸಹಿ ಹಾಕಿದೆ. ಅವಳ ಕೆಲಸ ಉಳಿಯಿತು. ಮುಂದಿನ ವರ್ಷಕ್ಕೂ ಅವಳನ್ನು ತೆಗೆದುಕೊಂಡರು. ಸಂಗಪ್ಪ ಮಾತ್ರ ಅಂದಿನಿಂದ ಹೋಟೆಲಿನಲ್ಲಿ ಊರಿನ ಹೆಸರಷ್ಟೇ ನೋಡುತ್ತಾನೆ, ಮನೆಗಳ ಪಟ್ಟಿಯನ್ನು ಊರು ಮುಟ್ಟಿ ಜೀಪು ನಿಂತ ಮೇಲೆ ತೆರೆಯುತ್ತಾನೆಂದು ಕೇಳಿದೆ.

ವರ್ಷದ ನಂತರ ಮುದ್ದೇಬಿಹಾಳದಿಂದ ರೇಣುಕಾ ಫೋನ್ ಮಾಡಿದಳು. ಮಗಳು ಹೊಸ ಶಾಲೆಗೆ ಹೋಗುತ್ತಿದ್ದಾಳೆ ಎಂದಳು. ಆಮೇಲೆ ದನಿ ತಗ್ಗಿಸಿ, "ಸರ, ಆ ಕನಸಿನ ಪ್ರಶ್ನೆ ನಾನೂ ಒಂದ ಮನ್ಯಾಗ ಕೇಳಿ ನೋಡಿದೆರಿ. ಹುಚ್ಚಿ ಅಂತ ಬೈದು ಕಳಿಸಿದ್ರು," ಎಂದು ನಕ್ಕಳು.

"ಆಮೇಲೆ ಎಲ್ಲಾದರೂ ಹಾಗಾಯಿತೇ?" ಎಂದೆ.

"ಇಲ್ರಿ. ಬಾಗಲಾ ಬಡಿಯೋ ಮೊದಲ ಒಂದ ಗಳಿಗಿ ನಿಲ್ತೇನಿ, ನಿನ್ನಿ ಬಂದಿದ್ದೆಲ್ಲ ಅಂತಾರೇನೋ ಅಂತ. ಎಲ್ಲಾರೂ ಯಾರು ಅಂತ ಕೇಳ್ತಾರ. ನಾ ಹೆಸರ ಹೇಳ್ತೇನಿ."

ಅದು ಅವಳಿಗೆ ಸಮಾಧಾನವೋ ಬೇಸರವೋ ದನಿಯಿಂದ ತಿಳಿಯಲಿಲ್ಲ. ಸಿಂದಗಿಯಲ್ಲಿ ಅವಳಿದ್ದಳೆಂಬುದಕ್ಕೆ ನಾನು ಸಹಿ ಹಾಕಿದ್ದೇನೆ, ಈಗಲೂ ಹಾಕುತ್ತೇನೆ. ಆ ಹೊತ್ತಿಗೆ ಕೊಲ್ಹಾರದ ಕಡೆ ನೀಲವ್ವನ ಕಟ್ಟೆಯ ಮೇಲೆ ಯಾರಿದ್ದರು ಎಂದು ಕೇಳಿದರೆ, ಸಹಿ ಹಾಕುವಂಥ ಒಂದು ಸಾಲೂ ನನ್ನ ಬಳಿ ಇಲ್ಲ.