ನಿಡುಗಲ್ಲಿನಲ್ಲಿ ಚಿಕ್ಕಮ್ಮ ಮುಟ್ಟಿದ ಕಲ್ಲು

ಅವತ್ತು ನಮ್ಮಜ್ಜಿ, ಅಪ್ಪ ಕೋಟೆ ನೋಡಲಿಕ್ಕೆ ಹೋಗಲಿಲ್ಲ. ಚಿಕ್ಕಮ್ಮನ್ನ ಮಾತಲ್ಲಿ ಕಟ್ಟಿಹಾಕಲಿಕ್ಕೆ ಹೋದರು. ಪ್ರವಾಸ ಅಂದಿದ್ದು ಬರೀ ಸುಳ್ಳು.

ಆಗೆಲ್ಲ ಮಧುಗಿರಿ ಕಡೆ ಹಳ್ಳಿಯವರು ಜೀಪು ಹತ್ತಿದರೆ ಮದುವೆಗೆ, ಇಲ್ಲ ಆಸ್ಪತ್ರೆಗೆ. ಊರು ನೋಡಲಿಕ್ಕೆ ಯಾರು ಹೋಗ್ತಿದ್ದರು? ನನಗೆ ಹತ್ತು ವರ್ಷ, ಅವ್ವ ಇರಲಿಲ್ಲ. ಚಿಕ್ಕಪ್ಪ ಸತ್ತು ವರ್ಷ ತುಂಬಿತ್ತು. ಚಿಕ್ಕಮ್ಮನಿಗೆ ಇಪ್ಪತ್ತೂ ಆಗಿರಲಿಲ್ಲ. ಸಂಕ್ರಾಂತಿಗೆ ಅವಳಣ್ಣ ವಳ್ಳೂರಿಂದ ಬಂದು, ಸೀರುಡಿಕೆಗೆ ಒಬ್ಬ ಸಿಕ್ಕಿದ್ದಾನೆ ಅಂದಿದ್ದ. ಗಂಡ ಸತ್ತೋಳು ಇನ್ನೊಬ್ಬ ಕೊಟ್ಟ ಸೀರೆ ಉಟ್ಟು ಅವನ ಜೊತೆ ಬಾಳೋದು ನಮ್ಮಲ್ಲಿ ತಪ್ಪೇನಲ್ಲ. ಆದರೂ ಅಜ್ಜಿ ಅವನನ್ನ ಬಾಗಿಲಲ್ಲೇ ಅಟ್ಟಿದಳು. ಮನೆ ಮರ್ಯಾದೆ ಅಂದಳು. ಮರ್ಯಾದೆ ಅಲ್ಲ, ಎಮ್ಮೆ ಕರೆಯೋಕೆ, ಕಳೆ ಕೀಳೋಕೆ ಕೈ ಬೇಕಿತ್ತು.

ಬೆಳಿಗ್ಗೆ ಸಿರಾದಲ್ಲಿ ಕಲ್ಲಿನ ಗೋರಿ ನೋಡಿದೆವು. ಒಳಗೆಲ್ಲ ಬಾವಲಿ ವಾಸನೆ. ಹೊರಗೆ ಅಜ್ಜಿ ಬುತ್ತಿ ಬಿಚ್ಚಿ, ಮೊದಲ ಹೋಳಿಗೆ ಚಿಕ್ಕಮ್ಮನಿಗೆ ಕೊಟ್ಟು ತುಪ್ಪ ಸುರಿದಳು.

"ತಿನ್ನಮ್ಮ, ಸೊರಗೋಗಿದ್ದೀಯ."

ತಲೆಗೆ ಎಣ್ಣೆ ಕೊಡದ ಮುದುಕಿ ತುಪ್ಪ ಸುರಿದಿದ್ದು ನೋಡಿ ನನಗೆ ಹೆದರಿಕೆ ಆಯಿತು. ಚಿಕ್ಕಮ್ಮನಿಗೂ ಆಗಿರಬೇಕು. ಅರ್ಧ ಹೋಳಿಗೆ ನನ್ನ ಕೈಗಿಟ್ಟಳು.

ಮಧ್ಯಾಹ್ನ ನಿಡುಗಲ್. ಬಂಡೆ ಕಾದು ಕಾಲು ಸುಡುತ್ತಿತ್ತು. ಕೋಟೆ ಹತ್ತೋಕೆ ಓಡಿದರೆ ಅಪ್ಪ ರಟ್ಟೆ ಹಿಡಿದು ನಿಲ್ಲಿಸಿದ. ಹುಣಸೆಮರದ ಕೆಳಗೆ ಒಂದು ಮಾಸ್ತಿಕಲ್ಲು. ಎತ್ತಿದ ತೋಳು, ಬಳೆ, ಬೆರಳಲ್ಲಿ ನಿಂಬೆಹಣ್ಣು. ಅಜ್ಜಿ ಅದಕ್ಕೆ ಕುಂಕುಮ ಮೆತ್ತಿದಳು.

"ಗಂಡನ ಹಿಂದೆ ಬೆಂಕಿಗೆ ಹೋದೋಳು ಕಣಮ್ಮ ಇವ್ಳು. ನೀನು ಬೆಂಕಿಗೆ ಬೀಳೋದೇನೂ ಬ್ಯಾಡ. ಇನ್ನೊಬ್ಬನ ಸೀರೆ ಉಡಲ್ಲ ಅಂತ ಮುಟ್ಟಿ ಹೇಳ್ಬುಡು, ಸಾಕು."

"ಮನೇಲಿ ಹೇಳ್ತೀನಿ ಅತ್ತೆ."

"ಮನೇಲಿ ಗೋಡೆ ಕೇಳ್ತದೆ. ಇಲ್ಲಿ ಅವ್ಳು ಕೇಳ್ತಾಳೆ."

ಅಪ್ಪ ಬೀಡಿ ಹಚ್ಚಿ ಬೆಟ್ಟ ನೋಡ್ತಾ ನಿಂತ. ಚಿಕ್ಕಮ್ಮ ಕಲ್ಲು ಮುಟ್ಟಿದಳು.

"ಜೋರಾಗೇಳು. ಹೊಟ್ಟೆಗೆ ಹಾಕಿಲ್ವಾ?" ಅಂದಳು ಅಜ್ಜಿ.

ಚಿಕ್ಕಮ್ಮ ಜೋರಾಗಿ ಹೇಳಿದಳು.

ವಾಪಸ್ ಬರುವಾಗ ದಾರಿಲಿ ಬಾವಿ ಕಂಡಾಗೆಲ್ಲ ಚಿಕ್ಕಮ್ಮ ಕತ್ತು ತಿರುಗಿಸಿ, ಅದು ಮರೆಯಾಗೋವರೆಗೂ ನೋಡುತ್ತಿದ್ದಳು. ಅಜ್ಜಿ ಗೊರಕೆ ಹೊಡೀತಿದ್ದಳು. ನಾನು ಚಿಕ್ಕಮ್ಮನ ಸೆರಗನ್ನ ಕೈಗೆ ಸುತ್ತಿಕೊಂಡು ಕೂತೆ.

"ಬುಡೇ, ಸೀರೆ ಹರೀತದೆ," ಅಂದಳು.

ಬಿಡಲಿಲ್ಲ.

ಈಗ ಮೊಮ್ಮಕ್ಕಳು ನಿಡುಗಲ್ಲಿಗೆ ಹೋಗಿ ಫೋಟೋ ತೆಗೆದುಕೊಂಡು ಬರ್ತಾರೆ. ವಳ್ಳೂರ ಸುತ್ತ ಸೋಲಾರ್ ಹಾಸಿದ್ದಾರೆ. ಚಿಕ್ಕಮ್ಮ ಆಮೇಲೆ ಬಾಳಿದ ಹೊಲ ಯಾವುದು ಅಂತ ಗುರುತೂ ಸಿಗಲ್ಲ. ಬೈದುಕೊಂಡು ನನ್ನ ತಲೆ ಬಾಚಿ, ಪಕ್ಕದಲ್ಲಿ ಮಲಗಿಸಿಕೊಳ್ಳೋರು ನಮ್ಮನೇಲಿ ಮತ್ತೆ ಯಾರೂ ಇರಲಿಲ್ಲ. ಕಳಕೊಂಡಿದ್ದೂ ನಾನೇ, ಕಳಿಸಿದ್ದೂ ನಾನೇ.

ನಿಡುಗಲ್ಲಿಂದ ಬಂದ ಮಾರನೆ ಬೆಳಿಗ್ಗೆ ಸಗಣಿ ಆಯ್ಕೊಂಡು ಬರ್ತೀನಿ ಅಂತ ಹೊರಟು, ಬಿದಿರು ಪುಟ್ಟಿಯನ್ನ ರಸ್ತೆ ಪಕ್ಕದ ಬೇಲಿಗೆ ಎಸೆದು ಪಾವಗಡದ ಬಸ್ಸು ಹತ್ತಿದೆ.

"ಯಾರ ಜೊತೆಲೇ ನೀನು?" ಅಂದ ಕಂಡಕ್ಟರು.

"ಆ ಹಿಂದಿನ ಅಮ್ಮನ ಜೊತೆ," ಅಂದೆ.

ಪಾವಗಡದಿಂದ ಕೇಳಿಕೊಂಡು ಕೇಳಿಕೊಂಡು ನಡೆದೆ. ವಳ್ಳೂರಲ್ಲಿ ಚಿಕ್ಕಮ್ಮನ ಅಣ್ಣ ಎತ್ತಿಗೆ ನೀರು ಕುಡಿಸ್ತಿದ್ದ. ಅವನ ಮುಂದೆ ನಿಂತು ಹೇಳಿದೆ: "ಇವತ್ತೇ ಬಂದು ಕರ್ಕೊಂಡೋಗು. ನಾಳೆ ಅಂದ್ರೆ ಇರಲ್ಲ ಅವ್ಳು."